ಹಳೇ ಮೀನಿನ ಟ್ಯಾಂಕಿನ ಬಿಳಿ ಕಲೆ: ಉಜ್ಜಬೇಡಿ, ನೆನೆಸಿ

ಪ್ರಶ್ನೆ: ಬಳಸಿದ ಗಾಜಿನ ಫಿಶ್ ಟ್ಯಾಂಕ್ ಒಂದು ಸಿಕ್ಕಿದೆ, ಎರಡಡಿ ಉದ್ದದ್ದು. ತುಂಬಾ ದಿನ ಖಾಲಿ ಬಿದ್ದಿತ್ತಂತೆ. ನೀರು ನಿಲ್ತಿದ್ದ ಮಟ್ಟದಲ್ಲಿ ಸುತ್ತಲೂ ದಪ್ಪಕ್ಕೆ ಬಿಳಿ ಪಟ್ಟಿ ಕಟ್ಟಿದೆ, ಉಳಿದ ಗಾಜೆಲ್ಲ ಮಂಜು ಮಂಜಾಗಿದೆ. ಸೋಪ್ ಹಾಕಿ ಸ್ಕ್ರಬ್ಬರ್‌ನಲ್ಲಿ ಉಜ್ಜಿದ್ರೂ ಹೋಗ್ಲಿಲ್ಲ. ಬಾತ್‌ರೂಮ್ ತೊಳಿಯೋ ಆಸಿಡ್ ಹಾಕಿದ್ರೆ ಒಂದೇ ಸಲಕ್ಕೆ ಹೋಗತ್ತೆ ಅಂತ ಗೊತ್ತಿರೋರು ಒಬ್ರು ಹೇಳಿದ್ರು. ಹಾಕಬಹುದಾ? ಆಮೇಲೆ ಮೀನು ಬಿಟ್ರೆ ಏನೂ ಆಗಲ್ವಾ?

ಉತ್ತರ: ಬಾತ್‌ರೂಮ್ ಆಸಿಡ್ ಬೇಡ, ಖಂಡಿತ ಬೇಡ. ಅಡುಗೆಗೆ ಬಳಸೋ ಬಿಳಿ ವಿನೆಗರ್ ಇಲ್ಲಾಂದ್ರೆ ಸಿಟ್ರಿಕ್ ಆಸಿಡ್ ಪುಡಿ, ಇವೆರಡರಲ್ಲಿ ಒಂದು ಸಾಕು. ಅದರ ಜೊತೆ ಬೇಕಾಗಿರೋದು ಟೈಮ್ ಮಾತ್ರ. ನೀವು ಉಜ್ಜಿ ಉಜ್ಜಿ ಸುಸ್ತಾಗಿದ್ದಕ್ಕೆ ಕಾರಣ ನಿಮ್ಮ ಕೈಲಿ ಬಲ ಇಲ್ಲ ಅಂತಲ್ಲ, ಆ ಕಲೆ ಉಜ್ಜೋದಕ್ಕೆ ಹೋಗೋ ಜಾತೀದೇ ಅಲ್ಲ, ಅದನ್ನ ಕರಗಿಸ್ಬೇಕು. ಸ್ಕ್ರಬ್ಬರ್ ಕೆಳಗಿಡಿ, ಗಾಜಿನ ಮೇಲೆ ಗೀರು ಬಿದ್ರೆ ಅದು ಶಾಶ್ವತ. ಆ ಹಸಿರು ಒರಟು ಪ್ಯಾಡ್‌ಗಳಲ್ಲಿ ಗಾಜಿಗಿಂತ ಗಟ್ಟಿ ಪುಡಿ ಸೇರಿಸಿರ್ತಾರೆ, ಅದರ ಮಧ್ಯೆ ಹಳೇ ಮರಳಿನ ಒಂದು ಕಣ ಸಿಕ್ಕಿಹಾಕ್ಕೊಂಡ್ರಂತೂ ಉಜ್ಜಿದ ಕಡೆಯೆಲ್ಲ ಗೆರೆ.

ಈ ಬಿಳೀದು ಏನು ಅಂತ ಮೊದಲು ತಿಳ್ಕೊಂಡ್ರೆ ಮುಂದಿನದ್ದು ತಾನಾಗೇ ಅರ್ಥ ಆಗತ್ತೆ. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೈಕಾರ್ಬೊನೇಟ್ ರೂಪದಲ್ಲಿ ಕರಗಿರತ್ತೆ, ಕಣ್ಣಿಗೆ ಕಾಣಲ್ಲ. ಗಾಜಿನ ಮೇಲೆ ಚಿಮ್ಮಿದ ಹನಿ ಒಣಗ್ತಾ ಬಂದಾಗ ನೀರು ಆವಿಯಾಗತ್ತೆ, ಕಾರ್ಬನ್ ಡೈಆಕ್ಸೈಡ್ ಹಾರಿಹೋಗತ್ತೆ, ಉಳಿಯೋದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದ್ರೆ ಸುಣ್ಣದ ಕಲ್ಲಿನಲ್ಲಿರೋದೇ. ಅದಕ್ಕೇ ನೀರಿನ ಮಟ್ಟದಲ್ಲಿ, ಫಿಲ್ಟರ್ ನೀರು ಬೀಳೋ ಮೂಲೆಯಲ್ಲಿ, ಏರ್ ಪಂಪ್ ಗುಳ್ಳೆ ಒಡೆಯೋ ಜಾಗದಲ್ಲಿ ಜಾಸ್ತಿ ದಪ್ಪ ಇರತ್ತೆ. ಎಷ್ಟು ಬೇಗ ಕೂಡತ್ತೆ ಅನ್ನೋದಕ್ಕೆ ಒಂದು ಲೆಕ್ಕ ಹಾಕೋಣ. ನೀರಿನ ಗಡಸುತನ ಲೀಟರ್‌ಗೆ 300 ಮಿಲಿಗ್ರಾಂ ಇದೆ ಅಂದ್ಕೊಳಿ, 180ರ ಮೇಲೆ ಹೋದ್ರೇನೇ ತುಂಬಾ ಗಡಸು ಅಂತ ಲೆಕ್ಕ. ವಾರಕ್ಕೆ 3 ಲೀಟರ್ ಆವಿಯಾಗಿ ಅಷ್ಟನ್ನೇ ಅದೇ ನೀರಿಂದ ತುಂಬಿಸ್ತಾ ಹೋದ್ರೆ ವಾರಕ್ಕೆ ಹತ್ತಿರ ಹತ್ತಿರ 0.9 ಗ್ರಾಂ ಖನಿಜ ಒಳಗೆ ಬರತ್ತೆ, ವರ್ಷಕ್ಕೆ 47 ಗ್ರಾಂ. ಅಷ್ಟೂ ಗಾಜಿಗೇ ಅಂಟಲ್ಲ, ನೀರು ಬದಲಾಯಿಸುವಾಗ ಒಂದಷ್ಟು ಹೊರಗೆ ಹೋಗತ್ತೆ, ಆದ್ರೂ ಯಾರೋ ವರ್ಷಗಟ್ಟಲೆ ಬರೀ ಮೇಲಿಂದ ತುಂಬಿಸ್ಕೊಂಡೇ ಬಂದಿದ್ರೆ ನಿಮ್ಮ ಟ್ಯಾಂಕಿನ ಥರ ಪಟ್ಟಿ ಕಟ್ಟೋದ್ರಲ್ಲಿ ಆಶ್ಚರ್ಯ ಏನಿಲ್ಲ.

ಕಾರ್ಬೊನೇಟ್‌ಗೆ ಆಸಿಡ್ ಸೋಕಿದ್ರೆ ಕರಗತ್ತೆ, ಸಣ್ಣ ಸಣ್ಣ ಗುಳ್ಳೆ ಬರತ್ತೆ. ಸೋಪ್‌ಗೆ ಆ ಶಕ್ತಿ ಇಲ್ಲ, ಅದು ಜಿಡ್ಡು ತೆಗೆಯೋದಕ್ಕಿರೋದು. ಹಾಗಾಗಿ ಕೆಲಸ ಶುರು ಮಾಡೋ ಮುಂಚೆ ಒಂದು ಪುಟ್ಟ ಪರೀಕ್ಷೆ ಮಾಡಿ. ಬಿಳಿ ಪಟ್ಟಿಯ ಮೇಲೆ ಎರಡು ಹನಿ ವಿನೆಗರ್ ಬಿಟ್ಟು ಕಣ್ಣು ಹತ್ತಿರ ಇಟ್ಕೊಂಡು ನೋಡಿ. ಸೋಡಾ ಥರ ಭುಸ್ ಅಂತ ಉಕ್ಕಲ್ಲ, ಆದ್ರೆ ಅರ್ಧ ನಿಮಿಷದಲ್ಲಿ ಹನಿಯ ಒಳಗೆ ಸೂಜಿಮೊನೆಯಷ್ಟು ಗುಳ್ಳೆಗಳು ಎದ್ದು ಅಂಚಿಗೆ ಬಂದು ನಿಲ್ತವೆ. ಗುಳ್ಳೆ ಬಂತು ಅಂದ್ರೆ ಖುಷಿ ಪಡಿ, ಅದು ಕರಗೋ ಕಲೆ. ಗುಳ್ಳೆಯೂ ಬರ್ಲಿಲ್ಲ, ಉಗುರಲ್ಲಿ ಸವರಿದ್ರೆ ಗಾಜು ನುಣ್ಣಗೇ ಇದೆ, ಆದ್ರೂ ಮಂಜು ಕಾಣ್ತಿದೆ ಅಂದ್ರೆ ಅದು ಸಿಲಿಕಾ, ಅಂದ್ರೆ ಮರಳಲ್ಲಿರೋ ಖನಿಜದ ಪದರ ಇರಬಹುದು ಅಥವಾ ಗಾಜೇ ಸವೆದಿರಬಹುದು, ಅದರ ಬಗ್ಗೆ ಕೆಳಗೆ ಹೇಳ್ತೀನಿ.

ಇದೇ ಹೊತ್ತಲ್ಲಿ ಟ್ಯಾಂಕನ್ನ ಹೊರಗಿಂದಲೂ ಒಂದು ಸುತ್ತು ನೋಡಿಬಿಡಿ, ಇದನ್ನ ಸುಮಾರು ಜನ ಬಿಟ್ಟುಬಿಡ್ತಾರೆ. ಒಳಗಡೆ ಬಿಳಿ ಪಟ್ಟಿ ಇರೋದು ಸಹಜ. ಆದ್ರೆ ಹೊರಗಡೆ, ಎರಡು ಗಾಜು ಕೂಡೋ ಜೋಡಣೆಯ ಉದ್ದಕ್ಕೋ ಕೆಳಗಿನ ಮೂಲೆಯಲ್ಲೋ ಬಿಳಿ ಗೆರೆ, ಉಪ್ಪಿನ ಹರಳಿನ ಥರದ್ದು ಕಂಡ್ರೆ ಅನುಮಾನ ಪಡಿ. ಅಲ್ಲಿಂದ ನೀರು ಹನಿ ಹನಿಯಾಗಿ ಜಿನುಗಿ, ನೆಲಕ್ಕೆ ಬೀಳೋ ಮುಂಚೇನೇ ಒಣಗಿ ಖನಿಜ ಬಿಟ್ಟುಹೋಗಿರೋ ಸಾಧ್ಯತೆ ಜಾಸ್ತಿ. ಆ ಜಾಗಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿಡಿ, ಕ್ಲೀನ್ ಆದ್ಮೇಲೆ ನೀರು ತುಂಬಿಸಿ ನೋಡುವಾಗ ಮೊದಲು ನೋಡಬೇಕಾದ ಜಾಗ ಅದೇ.

ಟ್ಯಾಂಕ್ ಗಾಜಿಂದೋ, ಗಾಜಿನ ಥರವೇ ಕಾಣೋ ಪ್ಲಾಸ್ಟಿಕ್ ಆದ ಅಕ್ರಿಲಿಕ್‌ದೋ ಅನ್ನೋದನ್ನೂ ಖಚಿತ ಮಾಡ್ಕೊಳಿ. ನಿಮ್ಮದು ಗಾಜು ಅಂದಿದೀರಿ, ಆದ್ರೂ ಓದೋರಿಗೆ ಅಂತ ಹೇಳ್ತೀನಿ. ಗಾಜು ಮುಟ್ಟಿದ್ರೆ ತಣ್ಣಗಿರತ್ತೆ, ತಟ್ಟಿದ್ರೆ ಟಣ್ ಅನ್ನತ್ತೆ, ಮೂಲೆಗಳಲ್ಲಿ ಗಾಜುಗಳನ್ನ ಅಂಟಿಸಿರೋ ರಬ್ಬರ್ ಥರದ ಸಿಲಿಕೋನ್ ಕಾಣತ್ತೆ. ಅಕ್ರಿಲಿಕ್ ಅಷ್ಟು ತಣ್ಣಗಿರಲ್ಲ, ಅದರ ಸದ್ದು ಮಂದ, ಎತ್ತಿದ್ರೆ ಹಗುರ, ಎಷ್ಟೋ ಸಲ ಮೂಲೆ ದುಂಡಗೆ ಬಾಗಿರತ್ತೆ. ಅಕ್ರಿಲಿಕ್‌ಗೆ ವಿನೆಗರ್ ಓಕೆ, ಆದ್ರೆ ಬ್ಲೇಡ್ ಮುಟ್ಟಿಸಬಾರದು, ಸ್ಪಿರಿಟ್, ಅಸಿಟೋನ್, ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಯಾವುದೂ ಹತ್ತಿರ ಸುಳಿಯಬಾರದು, ಒಳಗೊಳಗೇ ಕೂದಲೆಳೆಯಂಥ ಬಿರುಕು ಬಿಡತ್ತೆ. ಇನ್ನು ತುಂಬಾ ಹಳೇ ಕಾಲದ, ಲೋಹದ ಫ್ರೇಮ್ ಇರೋ ಟ್ಯಾಂಕ್ ಆದ್ರೆ ಆಸಿಡ್ ಆ ಫ್ರೇಮ್‌ಗೆ ತಾಗದ ಹಾಗೆ ನೋಡ್ಕೊಬೇಕು, ತುಕ್ಕು ಹಿಡಿಯತ್ತೆ.

ಬಾತ್‌ರೂಮ್ ಆಸಿಡ್ ಯಾಕೆ ಬೇಡ ಅಂದೆ? ಅದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್. ಕಲೆ ಹೋಗತ್ತಾ ಅಂದ್ರೆ ಹೋಗತ್ತೆ, ಸುಳ್ಳು ಹೇಳಲ್ಲ. ಆದ್ರೆ ಟ್ಯಾಂಕ್ ಅನ್ನೋದು ನಾಲ್ಕೂ ಕಡೆ ಗೋಡೆ ಇರೋ ಡಬ್ಬ, ಅದರೊಳಗೆ ತಲೆ ಬಗ್ಗಿಸಿ ಕೆಲಸ ಮಾಡುವಾಗ ಆ ಘಾಟು ನೇರವಾಗಿ ನಿಮ್ಮ ಮೂಗಿಗೆ, ಕಣ್ಣಿಗೆ, ಶ್ವಾಸಕೋಶಕ್ಕೆ. ಜೊತೆಗೆ ಅಂಗಡಿಯಲ್ಲಿ ಸಿಗೋ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಬರೀ ಆಸಿಡ್ ಇರಲ್ಲ, ಬಣ್ಣ, ಸುವಾಸನೆ, ನೊರೆ ಬರೋ ಕೆಮಿಕಲ್ ಎಲ್ಲಾ ಸೇರಿರತ್ತೆ. ಇವು ಸಿಲಿಕೋನ್ ಅಂಚಿನ ಕೆಳಗೆ, ಪ್ಲಾಸ್ಟಿಕ್ ಫ್ರೇಮ್‌ನ ಸಂದಿಯಲ್ಲಿ ಉಳ್ಕೊಂಡು ಆಮೇಲೆ ನಿಧಾನಕ್ಕೆ ನೀರಿಗೆ ಬಿಡ್ತವೆ. ನೊರೆ ಬರೋ ಪದಾರ್ಥ ಮೀನಿನ ಕಿವಿರಿಗೆ ತುಂಬಾ ಕೆಟ್ಟದ್ದು, ಕಿವಿರಿನ ಮೇಲಿರೋ ಲೋಳೆ ಪದರವನ್ನೇ ಹಾಳು ಮಾಡತ್ತೆ. ನೀವು ಈಗಾಗ್ಲೇ ಸೋಪ್ ಹಾಕಿದೀರಲ್ಲ, ಗಾಬರಿ ಬೇಡ, ಆದ್ರೆ ಮುಂದೆ ತೊಳೆಯುವಾಗ ಒಂದು ನೊರೆಯೂ ಕಾಣದೇ ಇರೋವರೆಗೆ ತೊಳೀಬೇಕು, ಆ ಸ್ಕ್ರಬ್ಬರ್, ಸ್ಪಂಜ್ ಮತ್ತೆ ಟ್ಯಾಂಕಿಗೆ ಬಳಸ್ಬೇಡಿ. ಗಾಜು ಕೊರೆಯೋ ಅಥವಾ ತುಕ್ಕು ತೆಗೆಯೋ ಕೆಲವು ದ್ರಾವಣಗಳಲ್ಲಿ ಫ್ಲೋರೈಡ್ ಇರೋ ಆಸಿಡ್ ಇರತ್ತೆ, ಅದಂತೂ ಗಾಜನ್ನೇ ತಿನ್ನತ್ತೆ, ಚರ್ಮದ ಮೇಲೆ ಬಿದ್ರೆ ಜೀವಕ್ಕೇ ಅಪಾಯ, ಅದನ್ನ ಮನೇಲಿ ಮುಟ್ಟೋದೇ ಬೇಡ.

ವಿನೆಗರ್‌ನಲ್ಲಿ 4ರಿಂದ 5 ಪರ್ಸೆಂಟ್ ಅಸಿಟಿಕ್ ಆಸಿಡ್ ಇರತ್ತೆ. ಬಿಳೀದೇ ತಗೊಳಿ, ಬಣ್ಣದ್ದು, ಮಸಾಲೆ ಹಾಕಿದ್ದು ಬೇಡ. ಇದು ಸಿಲಿಕೋನ್ ತಿನ್ನಲ್ವಾ ಅಂತ ಸುಮಾರು ಜನ ಕೇಳ್ತಾರೆ. ಟ್ಯಾಂಕ್ ಕಟ್ಟೋದಕ್ಕೆ ಬಳಸೋ ಸಾಮಾನ್ಯ ಸಿಲಿಕೋನ್ ಟ್ಯೂಬ್ ಒತ್ತಿದಾಗ ಬರೋ ವಾಸನೆ ನೆನಪಿಸ್ಕೊಳಿ, ಹುಳಿ ಹುಳಿ ವಾಸನೆ, ಅದೇ ಅಸಿಟಿಕ್ ಆಸಿಡ್, ಆ ಸಿಲಿಕೋನ್ ಗಟ್ಟಿಯಾಗುವಾಗ ಅದನ್ನೇ ಹೊರಗೆ ಬಿಡತ್ತೆ. ಒಂದು ರಾತ್ರಿ ವಿನೆಗರ್ ತಾಗಿದ ಮಾತ್ರಕ್ಕೆ ಒಳ್ಳೇ ಸಿಲಿಕೋನ್ ಏನೂ ಆಗಲ್ಲ. ಅದನ್ನ ಹಾಳು ಮಾಡೋದು ಬ್ಲೇಡು.

ಸಿಟ್ರಿಕ್ ಆಸಿಡ್ ಆದ್ರೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ. ವಾಸನೆ ಇಲ್ಲ, ವಿನೆಗರ್‌ಗಿಂತ ಸ್ವಲ್ಪ ಚುರುಕು. ಒಂದು ತೊಂದರೆ ಅಂದ್ರೆ ಕ್ಯಾಲ್ಸಿಯಂ ಜೊತೆ ಸೇರಿ ಆಗೋ ಕ್ಯಾಲ್ಸಿಯಂ ಸಿಟ್ರೇಟ್ ನೀರಲ್ಲಿ ಅಷ್ಟಾಗಿ ಕರಗಲ್ಲ, ಬಿಸಿಯಲ್ಲಂತೂ ಇನ್ನೂ ಕಮ್ಮಿ. ಜಾಸ್ತಿ ಪುಡಿ ಸುರಿದು ಬಿಸಿನೀರಲ್ಲಿ ಬಿಟ್ಟು ಒಣಗಿಸಿಬಿಟ್ರೆ ಹಳೇ ಬಿಳೀದು ಹೋಗಿ ಹೊಸ ಬಿಳೀದು ಕೂತಿರತ್ತೆ. ಹಾಗಾಗಿ ಒಣಗೋಕೆ ಬಿಡ್ಬೇಡಿ, ಮಧ್ಯೆ ಮಧ್ಯೆ ತೊಳೆದು ಹೊಸದಾಗಿ ಹಚ್ಚಿ. ದಪ್ಪ ಪದರಕ್ಕೆ ನನ್ನ ಆಯ್ಕೆ ವಿನೆಗರ್, ತೆಳು ಮಂಜಿಗೆ ಯಾವುದಾದ್ರೂ ನಡೆಯತ್ತೆ. ನಿಂಬೆರಸವೂ ಕೆಲಸ ಮಾಡತ್ತೆ, ಆದ್ರೆ ತಿರುಳು, ಸಕ್ಕರೆ ಅಂಟ್ಕೊಳತ್ತೆ, ಸಣ್ಣ ಜಾಗಕ್ಕಾದ್ರೆ ಸರಿ. ವಿನೆಗರ್ ಜೊತೆ ಅಡುಗೆ ಸೋಡಾ ಬೆರೆಸಿ ಹಚ್ಚಿ ಅನ್ನೋ ಸಲಹೆ ಎಲ್ಲ ಕಡೆ ಓಡಾಡ್ತಿದೆ, ಅದು ನನಗೆ ನಿಜಕ್ಕೂ ಬೇಜಾರು ತರಿಸೋ ವಿಷಯ. ನೊರೆ ಬರೋದು ನೋಡೋಕೆ ಚೆನ್ನಾಗಿರತ್ತೆ, ಆದ್ರೆ ಅಲ್ಲಿ ಆಗ್ತಿರೋದು ಕಲೆ ಕರಗಿಸಬೇಕಿದ್ದ ಆಸಿಡ್ಡನ್ನ ಸೋಡಾ ತಿಂದುಹಾಕ್ತಿರೋದು. ಉಳಿಯೋದು ಹೆಚ್ಚುಕಮ್ಮಿ ಉಪ್ಪು ನೀರು.

ಸರಿ, ಈಗ ಕೆಲಸಕ್ಕೆ ಬರೋಣ. ಕಿಟಕಿ ತೆಗೆದಿಡಿ, ಕೈಗೆ ರಬ್ಬರ್ ಗ್ಲೌಸ್ ಹಾಕ್ಕೊಳಿ. ಗ್ಲೌಸ್ ವಿನೆಗರ್‌ಗೋಸ್ಕರ ಅಷ್ಟೇ ಅಲ್ಲ, ಹಳೇ ಟ್ಯಾಂಕಲ್ಲಿ ಮೈಕೋಬ್ಯಾಕ್ಟೀರಿಯಂ ಮರೈನಂ ಅನ್ನೋ ಬ್ಯಾಕ್ಟೀರಿಯಾ ಇರೋ ಸಾಧ್ಯತೆ ಇರತ್ತೆ, ಕೈಲಿ ಗಾಯ ಇದ್ರೆ ಅದರ ಮೂಲಕ ಒಳಗೆ ಸೇರಿ ತಿಂಗಳುಗಟ್ಟಲೆ ವಾಸಿಯಾಗದ ಗಂಟು ಬರ್ಬಹುದು. ಮೊದಲು ಬರೀ ನೀರಲ್ಲಿ ಟ್ಯಾಂಕ್ ತೊಳೆದು ಮರಳು, ಕಸ, ಒಣಗಿದ ಪಾಚಿ ಎಲ್ಲಾ ತೆಗೀರಿ, ಒಂದು ಕಣ ಮರಳೂ ಇರಬಾರದು. ಕುದಿಯೋ ನೀರು ಸುರೀಬೇಡಿ, ಗಾಜು ತಟ್ಟಂತ ಬಿರುಕು ಬಿಡತ್ತೆ, ಉಗುರುಬೆಚ್ಚಗಿದ್ರೆ ಸಾಕು.

ನೆಟ್ಟಗೆ ನಿಂತ ಗಾಜಿಗೆ ವಿನೆಗರ್ ಸ್ಪ್ರೇ ಮಾಡಿದ್ರೆ ಎರಡು ನಿಮಿಷದಲ್ಲಿ ಕೆಳಗೆ ಇಳಿದುಹೋಗತ್ತೆ, ಕಲೆ ಅಲ್ಲೇ ಇರತ್ತೆ, ವಿನೆಗರ್‌ಗೆ ಶಕ್ತಿ ಇಲ್ಲ ಅಂತ ಜನ ಹೇಳೋದು ಇದರಿಂದಲೇ. ಟ್ಯಾಂಕನ್ನ ಮಲಗಿಸ್ಬೇಕು. ಕೆಳಗೆ ದಪ್ಪ ಕಂಬಳಿ ಅಥವಾ ಎರಡು ಮಡಿಕೆ ಟವೆಲ್ ಹಾಸಿ, ಇಬ್ರು ಸೇರಿ ಎತ್ತಿ, ಕಲೆ ಇರೋ ಗಾಜು ಕೆಳಗೆ ಬರೋ ಹಾಗೆ ನಿಧಾನಕ್ಕೆ ಮಲಗಿಸಿ. ಎತ್ತುವಾಗ ಮೇಲಿನ ಪ್ಲಾಸ್ಟಿಕ್ ಫ್ರೇಮ್ ಹಿಡಿದು ಎತ್ತಬಾರದು, ತಳಕ್ಕೆ ಕೈ ಕೊಡಬೇಕು. ಈಗ ಕಲೆ ಇರೋ ಮುಖ ಸಮತಟ್ಟಾಗಿ ನಿಮ್ಮ ಮುಂದೆ ಇದೆ. ಅದರ ಮೇಲೆ ಟಿಶ್ಯೂ ಪೇಪರ್ ಅಥವಾ ಹಳೇ ಕಾಟನ್ ಬಟ್ಟೆ ಹಾಸಿ, ವಿನೆಗರ್ ಸುರಿದು ಚೆನ್ನಾಗಿ ತೊಯ್ಯಿಸಿ, ಬಟ್ಟೆಗೂ ಗಾಜಿಗೂ ಮಧ್ಯೆ ಗಾಳಿ ಇರದ ಹಾಗೆ ಕೈಯಿಂದ ಒತ್ತಿ ಕೂರಿಸಿ. ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿಬಿಡಿ, ಇಲ್ಲಾಂದ್ರೆ ಒಣಗಿಹೋಗತ್ತೆ. ತೆಳು ಮಂಜಿಗೆ ಅರ್ಧ ಗಂಟೆ ಸಾಕು. ನಿಮ್ಮ ಪಟ್ಟಿಯ ಥರ ದಪ್ಪ ಇರೋದಕ್ಕೆ ಎರಡರಿಂದ ಮೂರು ಗಂಟೆ, ತೀರಾ ಹಠಮಾರಿ ಆದ್ರೆ ಒಂದು ರಾತ್ರಿ ಪೂರ್ತಿ. ಮಧ್ಯೆ ಒಂದೆರಡು ಸಲ ಹೊಸ ವಿನೆಗರ್ ಸೇರಿಸಿ, ಯಾಕಂದ್ರೆ ಕಲೆ ಕರಗಿಸ್ತಾ ಕರಗಿಸ್ತಾ ಆಸಿಡ್ಡೂ ಖಾಲಿ ಆಗತ್ತೆ, ಗುಳ್ಳೆ ನಿಂತಿದೆ ಆದ್ರೆ ಕಲೆ ಇದೆ ಅಂದ್ರೆ ಅದರ ಅರ್ಥ ಆಸಿಡ್ ಮುಗೀತು ಅಂತ.

ಬಟ್ಟೆ ತೆಗೆದಾಗ ಪದರ ಪೂರ್ತಿ ಮಾಯ ಆಗಿರಲ್ಲ, ನೆನೆದ ಸೀಮೆಸುಣ್ಣದ ಥರ ಮೆತ್ತಗಾಗಿರತ್ತೆ. ಹಳೇ ಟೂತ್‌ಬ್ರಶ್, ಮೆತ್ತನೆ ಸ್ಪಂಜ್, ಇಲ್ಲಾಂದ್ರೆ ಬಳಸಿ ಬಿಸಾಕೋ ಹಳೇ ಎಟಿಎಂ ಕಾರ್ಡ್‌ನ ಅಂಚಿನಲ್ಲಿ ದೂಡಿದ್ರೆ ಬಂದುಬಿಡತ್ತೆ. ಬರಲಿಲ್ಲ ಅಂದ್ರೆ ಒತ್ತಡ ಜಾಸ್ತಿ ಮಾಡ್ಬೇಡಿ, ಮತ್ತೆ ನೆನೆಸಿ. ಒಂದು ಗಾಜು ಮುಗಿದ್ಮೇಲೆ ಟ್ಯಾಂಕ್ ತಿರುಗಿಸಿ ಇನ್ನೊಂದು. ನಾಲ್ಕು ಗಾಜಿಗೆ ಒಂದು ದಿನ ಹಿಡಿಯತ್ತೆ, ಹಿಡೀಲಿ.

ಬ್ಲೇಡ್ ಬಗ್ಗೆ. ಗಾಜಿನ ಟ್ಯಾಂಕಿಗೆ ಬ್ಲೇಡ್ ಬಳಸಬಹುದು, ಆದ್ರೆ ನೆನೆದು ಮೆತ್ತಗಾದ ಮೇಲೆ ಮಾತ್ರ, ಮತ್ತೆ ಗಾಜು ಯಾವಾಗ್ಲೂ ಒದ್ದೆ ಇರ್ಬೇಕು. ಹೊಸ ಬ್ಲೇಡ್ ಹಾಕಿ, ತುಕ್ಕು ಹಿಡಿದದ್ದು, ಮೂಲೆ ಮುರಿದದ್ದು ಬೇಡ. ಹಿಡಿ ಇರೋ ಸ್ಕ್ರೇಪರ್‌ಗೆ ಹಾಕ್ಕೊಂಡು ಗಾಜಿಗೆ ಸುಮಾರು 30 ಡಿಗ್ರಿಯಷ್ಟು ಓರೆಯಾಗಿಟ್ಟು ಒಂದೇ ದಿಕ್ಕಿಗೆ ಮುಂದಕ್ಕೆ ದೂಡಿ, ಹಿಂದಕ್ಕೆ ಎಳೀಬೇಡಿ. ಬ್ಲೇಡಿನ ಅಂಚು ಗಾಜಿನ ಮೇಲೆ ಜಾರುವಾಗ ಸದ್ದೇ ಬರ್ಬಾರದು, ಕರ್ರ್ ಅಂತ ಕೇಳಿಸ್ತು ಅಂದ್ರೆ ಮಧ್ಯೆ ಏನೋ ಗಟ್ಟಿ ಕಣ ಇದೆ, ಅಲ್ಲೇ ನಿಲ್ಲಿಸಿ ತೊಳೆದು ನೋಡಿ. ಸಿಲಿಕೋನ್‌ನಿಂದ ಒಂದು ಬೆರಳು ಅಗಲ ದೂರ ಇರಿ. ಗಾಜಿನ ಟ್ಯಾಂಕ್ ನಿಂತಿರೋದೇ ಆ ಸಿಲಿಕೋನ್ ಮೇಲೆ, ಒಳಗಿನ ಅಂಚಿಗೆ ಒಂದು ಸಣ್ಣ ಗಾಯ ಆದ್ರೂ ಅಲ್ಲಿಂದ ಎದ್ದು ಬರೋಕೆ ಶುರುವಾಗತ್ತೆ. ಸಿಲಿಕೋನ್ ಪಕ್ಕದ ಕಲೆಗೆ ವಿನೆಗರ್‌ನಲ್ಲಿ ಅದ್ದಿದ ಹತ್ತಿಯನ್ನ ಉದ್ದಕ್ಕೆ ಹೊಸೆದು ಮೂಲೆಗೆ ಕೂರಿಸಿ ಬಿಡಿ, ಆಮೇಲೆ ಟೂತ್‌ಬ್ರಶ್‌ನಲ್ಲಿ ಮೆಲ್ಲಗೆ. ಪ್ಲಾಸ್ಟಿಕ್ ಫ್ರೇಮ್‌ನ ಒಳಗಿನ ಸಂದಿಗೂ ಇದೇ ಹತ್ತಿ.

ಇಷ್ಟೆಲ್ಲ ಮಾಡಿದ ಮೇಲೂ ಮಂಜು ಉಳಿದಿದ್ರೆ, ಎರಡು ಮೂರು ಸಲ ನೆನೆಸಿದ್ರೂ ಒಂಚೂರೂ ಬದಲಾಗಿಲ್ಲ ಅಂದ್ರೆ, ಅಲ್ಲಿಗೆ ಬಿಟ್ಟುಬಿಡಿ. ಸಿಲಿಕಾ ವಿನೆಗರ್‌ಗೆ ಕರಗಲ್ಲ, ಸವೆದ ಗಾಜಂತೂ ಕರಗೋ ವಿಷಯವೇ ಅಲ್ಲ. ಆದ್ರೆ ಬೇಜಾರು ಮಾಡ್ಕೊಬೇಡಿ, ಆ ಜಾಗನ ಒದ್ದೆ ಮಾಡಿ ನೋಡಿ, ಮಂಜು ಹೆಚ್ಚೂಕಮ್ಮಿ ಕಾಣದಂತಾಗತ್ತೆ. ಬೆಳಕು ಗಾಳಿಯಿಂದ ಗಾಜಿಗೆ ಹೋಗುವಾಗ ಬಾಗೋದು ಜಾಸ್ತಿ, ನೀರಿಂದ ಗಾಜಿಗೆ ಹೋಗುವಾಗ ಕಮ್ಮಿ, ಗಾಳಿಯ ವಕ್ರೀಭವನ ಸೂಚ್ಯಂಕ 1, ನೀರಿಂದು 1.33, ಗಾಜಿಂದು 1.5ರ ಆಸುಪಾಸು. ಟ್ಯಾಂಕ್ ತುಂಬಿದ ಮೇಲೆ ಒಳಗಿನ ಸಣ್ಣ ಗೀರು, ಮಂಜು ಎಷ್ಟೋ ಮಟ್ಟಿಗೆ ಮುಚ್ಚಿಹೋಗತ್ತೆ. ಹೊರಗಿನದ್ದು ಮುಚ್ಚಲ್ಲ, ಹಾಗಾಗಿ ಟೈಮ್ ಕಮ್ಮಿ ಇದ್ರೆ ಹೊರಮುಖಕ್ಕೆ ಜಾಸ್ತಿ ಗಮನ ಕೊಡಿ.

ಈಗ ತೊಳಿಯೋದು. ಪೂರ್ತಿ ನೀರಲ್ಲಿ ಮೂರ್ನಾಲ್ಕು ಸಲ, ವಿನೆಗರ್ ವಾಸನೆ ಹೋಗೋವರೆಗೆ. ಅಲ್ಲಿಲ್ಲಿ ಚೂರು ಉಳಿದಿದ್ರೂ ಮೀನು ಸಾಯತ್ತೆ ಅನ್ನೋ ಭಯ ಬೇಡ, ಗಡಸು ನೀರಿನ ಕ್ಷಾರತೆ ಅಷ್ಟನ್ನ ಸರಿದೂಗಿಸತ್ತೆ. ಆದ್ರೆ ಕ್ಲೀನ್ ಆಗಿ ಕಾಣೋದು ಬೇರೆ, ರೋಗಾಣು ಇಲ್ಲದೇ ಇರೋದು ಬೇರೆ. ಹಿಂದೆ ಅದರಲ್ಲಿ ಯಾವ ಮೀನಿತ್ತು, ಯಾವ ರೋಗ ಬಂದು ಖಾಲಿ ಆಯ್ತು ಅಂತ ನಿಮಗೆ ಗೊತ್ತಿಲ್ಲ. ತುಂಬಾ ದಿನ ಪೂರ್ತಿ ಒಣಗಿತ್ತು ಅಂದ್ರೆ ಬಿಳಿ ಚುಕ್ಕೆ ರೋಗದ ಪರೋಪಜೀವಿ ಥರದ್ದು ಬದುಕಿರಲ್ಲ, ಆದ್ರೂ ಬ್ಲೀಚ್ ಒಂದು ಸಲ ಹಾಕೋದು ಒಳ್ಳೇದು. ಈ ಕ್ರಮ ಮುಖ್ಯ: ಮೊದಲು ಕಲೆ ತೆಗೀಬೇಕು, ಯಾಕಂದ್ರೆ ಪದರದ ಅಡಿಯಲ್ಲಿರೋದಕ್ಕೆ ಬ್ಲೀಚ್ ತಲುಪಲ್ಲ, ಆಮೇಲೆ ವಿನೆಗರ್ ಒಂದು ಹನಿ ಉಳಿಯದ ಹಾಗೆ ತೊಳೀಬೇಕು, ಆಮೇಲಷ್ಟೇ ಬ್ಲೀಚ್.

ಇದನ್ನ ದಪ್ಪ ಅಕ್ಷರದಲ್ಲಿ ಬರೆದಿದೀನಿ ಅಂದ್ಕೊಂಡು ಓದಿ. ಬ್ಲೀಚ್ ಮತ್ತು ಆಸಿಡ್, ಅದು ವಿನೆಗರ್ ಆಗಿರ್ಲಿ, ಸಿಟ್ರಿಕ್ ಆಗಿರ್ಲಿ, ಬಾತ್‌ರೂಮ್ ಆಸಿಡ್ ಆಗಿರ್ಲಿ, ಯಾವತ್ತೂ ಒಟ್ಟಿಗೆ ಸೇರಬಾರದು. ಸೇರಿದ್ರೆ ಕ್ಲೋರಿನ್ ಅನಿಲ ಬರತ್ತೆ, ಮುಚ್ಚಿದ ಕೋಣೆಯಲ್ಲಿ ಆಸ್ಪತ್ರೆ ಸೇರಿಸೋದಕ್ಕೆ ಅಷ್ಟೇ ಸಾಕು. ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಜೊತೆಗೂ ಬ್ಲೀಚ್ ಬೇಡ, ಅಲ್ಲಿ ಕ್ಲೋರಮೈನ್ ಅನ್ನೋ ವಿಷಾನಿಲ ಬರತ್ತೆ. ಅದೇ ಬಕೆಟ್, ಅದೇ ಬಟ್ಟೆ, ಅದೇ ಸ್ಪ್ರೇ ಬಾಟಲಿ ಎರಡಕ್ಕೂ ಬಳಸ್ಬೇಡಿ. ನಾನಾದ್ರೆ ವಿನೆಗರ್ ಕೆಲಸ ಒಂದು ದಿನ, ಬ್ಲೀಚ್ ಕೆಲಸ ಇನ್ನೊಂದು ದಿನ ಅಂತ ಇಟ್ಕೊತೀನಿ, ಮಧ್ಯೆ ಟ್ಯಾಂಕ್ ಒಣಗಿರತ್ತೆ.

ಸುವಾಸನೆ ಇಲ್ಲದ ಸಾದಾ ಬ್ಲೀಚ್, 5 ಪರ್ಸೆಂಟ್ ಸುಮಾರಿನದ್ದು, ಒಂದು ಪಾಲಿಗೆ 20 ಪಾಲು ನೀರು. ಎಲ್ಲಾ ಕಡೆ ಹಚ್ಚಿ 10ರಿಂದ 15 ನಿಮಿಷ ಬಿಟ್ಟು ತೊಳೀರಿ, ಆಮೇಲೆ ನೀರು ತುಂಬಿಸಿ ಕ್ಲೋರಿನ್ ತೆಗೆಯೋ ದ್ರಾವಣವನ್ನ ಬಾಟಲಿ ಮೇಲೆ ಬರೆದಿರೋದಕ್ಕಿಂತ ಸ್ವಲ್ಪ ಜಾಸ್ತೀನೇ ಹಾಕಿ, ಚೆಲ್ಲಿ, ಗಾಳಿಯಾಡೋ ಜಾಗದಲ್ಲಿ ಪೂರ್ತಿ ಒಣಗಿಸಿ. ಮೂಗಿಗೆ ಕ್ಲೋರಿನ್ ವಾಸನೆ ಬಂದ್ರೆ ಇನ್ನೂ ಮುಗಿದಿಲ್ಲ. ಮೇಲೆ ಹೇಳಿದ ಮೈಕೋಬ್ಯಾಕ್ಟೀರಿಯಾ ಬ್ಲೀಚ್‌ಗೆ ಅಷ್ಟು ಸುಲಭಕ್ಕೆ ಬಗ್ಗಲ್ಲ, ಅದಕ್ಕೆ 70 ಪರ್ಸೆಂಟ್ ಆಲ್ಕೋಹಾಲ್ ಉತ್ತಮ. ಹಿಂದಿನ ಓನರ್ ಹತ್ರ ಮೀನುಗಳು ಬಡಕಲಾಗಿ, ಬೆನ್ನು ಬಾಗಿ ಒಂದೊಂದಾಗಿ ಸತ್ತಿದ್ವು ಅಂತ ಗೊತ್ತಾದ್ರೆ ಒಣಗಿದ ಗಾಜನ್ನ ಆಲ್ಕೋಹಾಲ್‌ನಲ್ಲೂ ಒರೆಸಿ, ಹತ್ತಿರ ಬೆಂಕಿ, ಗ್ಯಾಸ್ ಉರಿ ಇರಬಾರದು, ಅಕ್ರಿಲಿಕ್ ಆದ್ರೆ ಇದು ಬೇಡ.

ಇನ್ನೊಂದು ವಿಷಯ, ಸಿಗಡಿ ಅಥವಾ ಬಸವನಹುಳು ಸಾಕೋ ಯೋಚನೆ ಇದ್ರೆ ಮಾತ್ರ. ರೋಗಕ್ಕೆ ತಾಮ್ರ ಇರೋ ಔಷಧ ಹಾಕಿದ್ದ ಟ್ಯಾಂಕಲ್ಲಿ ಆ ತಾಮ್ರ ಸುಣ್ಣದ ಪದರಕ್ಕೆ ಅಂಟ್ಕೊಂಡಿರತ್ತೆ. ಮೀನಿಗೆ ಏನೂ ಅನ್ನಿಸದ ಪ್ರಮಾಣ ಸಿಗಡಿಯನ್ನ ಕೊಲ್ಲತ್ತೆ. ಕಲೆ ತೆಗೆದ ವಿನೆಗರ್ ಜೊತೆ ಬಹುಪಾಲು ಅದೂ ಹೋಗತ್ತೆ, ಅದಕ್ಕೇ ಆ ನೀರನ್ನ ಟ್ಯಾಂಕಲ್ಲಿ ಒಣಗಿಸದೇ ಚೆಲ್ಲಿಬಿಡಿ, ಆಮೇಲೆ ನೀರು ತುಂಬಿಸಿ ಕೆಲವು ದಿನ ಬಿಟ್ಟು ಕಾಪರ್ ಟೆಸ್ಟ್ ಕಿಟ್‌ನಲ್ಲಿ ಒಂದು ಸಲ ನೋಡಿ.

ಟ್ಯಾಂಕ್ ಜೊತೆ ಫಿಲ್ಟರ್, ಹೀಟರ್ ಬಂದಿದ್ರೆ ಅವಕ್ಕೂ ಇದೇ ವಿನೆಗರ್. ಫಿಲ್ಟರ್ ಮೋಟಾರ್ ಒಳಗಿನ ತಿರುಗೋ ಚಕ್ರ, ಮ್ಯಾಗ್ನೆಟ್ ಎಳೆದು ಹೊರಗೆ ತೆಗೆದು ಒಂದು ಗಂಟೆ ನೆನೆಸಿ, ಕರಕರ ಸದ್ದು ಮಾಡೋ ಎಷ್ಟೋ ಫಿಲ್ಟರ್‌ಗಳು ಇಷ್ಟಕ್ಕೇ ಸರಿಹೋಗ್ತವೆ. ಹೀಟರ್ ಪ್ಲಗ್ ತೆಗೆದು ತಣ್ಣಗಾದ ಮೇಲೆ ಗಾಜಿನ ಕೊಳವೆ ಭಾಗ ಮಾತ್ರ ನೆನೆಸಿ, ವೈರ್ ಬರೋ ಮುಚ್ಚಳ ಮೇಲಿರ್ಲಿ. ಹಳೇ ಸ್ಪಂಜು, ಏರ್ ಸ್ಟೋನ್ ಎಲ್ಲಾ ಹೊಸದು ತಗೊಳಿ. ಸಮುದ್ರ ಮೀನಿನ ಟ್ಯಾಂಕ್ ಆಗಿದ್ರೆ ಬಿಳೀದರಲ್ಲಿ ಒಂದಷ್ಟು ಬರೀ ಉಪ್ಪು, ಅದು ಸಾದಾ ನೀರಿಗೇ ಕರಗತ್ತೆ.

ಈಗ ಲೀಕ್ ಟೆಸ್ಟ್, ಇದನ್ನ ಕ್ಲೀನ್ ಆದ್ಮೇಲೇ ಮಾಡ್ಬೇಕು, ಮುಂಚೆ ಮಾಡಿ ಪ್ರಯೋಜನ ಇಲ್ಲ, ಯಾಕಂದ್ರೆ ಕೆಲವು ಸಲ ಸಣ್ಣ ತೂತನ್ನ ಮುಚ್ಚಿಟ್ಟಿರೋದೇ ಆ ಬಿಳಿ ಪದರ, ನೀವು ಅದನ್ನ ತೆಗೆದ್ರಿ. 60, 30, 30 ಸೆಂಟಿಮೀಟರ್ ಅಳತೆಯ ಟ್ಯಾಂಕಿಗೆ 54 ಲೀಟರ್ ನೀರು ಹಿಡಿಯತ್ತೆ, ಅಂದ್ರೆ 54 ಕೆಜಿ, ಅದರ ಮೇಲೆ ಗಾಜಿನ ತೂಕ. ಹಾಗಾಗಿ ಸೋರಿದ್ರೂ ಪರವಾಗಿಲ್ಲ ಅನ್ನೋ ಸಮತಟ್ಟು ಜಾಗದಲ್ಲಿ ಇಡಿ, ಸುತ್ತ ತಳದ ಅಂಚಿಗೆ ಒಣ ಪೇಪರ್ ಹಾಸಿ. ಮೊದಲು ಮೂರನೇ ಒಂದು ಭಾಗ ತುಂಬಿಸಿ ಕೆಲವು ಗಂಟೆ ನೋಡಿ, ಆಮೇಲೆ ಪೂರ್ತಿ. ನೀರಿನ ಮಟ್ಟಕ್ಕೆ ಹೊರಗಿಂದ ಮಾರ್ಕರ್ ಗೆರೆ ಎಳೆದು 48 ಗಂಟೆ ಬಿಡಿ. ಒಂದೆರಡು ಮಿಲಿಮೀಟರ್ ಇಳಿದ್ರೆ ಅದು ಆವಿ. ಪೇಪರ್ ಒದ್ದೆ ಆದ್ರೆ, ನೀವು ಮೊದಲೇ ಗುರುತು ಹಾಕಿದ್ದ ಜಾಗದಲ್ಲಿ ಬೆರಳು ಸವರಿದಾಗ ತೇವ ಸಿಕ್ಕಿದ್ರೆ, ಸಿಲಿಕೋನ್ ಹೊಸದಾಗಿ ಹಾಕ್ಬೇಕು, ಹಳೇದರ ಮೇಲೆ ತೇಪೆ ಹಚ್ಚಿದ್ರೆ ಹಿಡಿಯಲ್ಲ. ನೀರು ಇರುವಾಗ ಟ್ಯಾಂಕನ್ನ ಒಂದಿಂಚೂ ಜರುಗಿಸಬೇಡಿ.

ಮೀನು ಬಿಟ್ಟ ಮೇಲೆ ಮತ್ತೆ ಕಲೆ ಬರೋಕೆ ಶುರುವಾದ್ರೆ ಓಡ್ತಿರೋ ಟ್ಯಾಂಕಿಗೆ ವಿನೆಗರ್ ಸ್ಪ್ರೇ ಮಾಡ್ಬೇಡಿ. ಚೂರು ಬಿದ್ರೆ ಏನಾಗಲ್ಲ ನಿಜ, ಜಾಸ್ತಿ ಬಿದ್ರೆ ಪಿಎಚ್ ಇಳಿಯತ್ತೆ, ಜೊತೆಗೆ ಅದನ್ನ ತಿಂದು ಬ್ಯಾಕ್ಟೀರಿಯಾ ಹೆಚ್ಚಿ ನೀರು ಮಂಕಾಗಿ ಆಕ್ಸಿಜನ್ ಕಮ್ಮಿ ಆಗತ್ತೆ, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತ್ತೆ. ನೀರು ಬದಲಾಯಿಸೋ ದಿನ ಮಟ್ಟ ಇಳಿದಿರುವಾಗ, ಬಟ್ಟೆಗೆ ಸ್ವಲ್ಪ ವಿನೆಗರ್ ತಗೊಂಡು ಹನಿ ಬೀಳದಷ್ಟು ಹಿಂಡಿ ಪಟ್ಟಿಯ ಮೇಲೆ ಒರೆಸಿ, ಒಂದೈದು ನಿಮಿಷ ಬಿಟ್ಟು ಬರೀ ನೀರಿನ ಬಟ್ಟೆಯಲ್ಲಿ ಒರೆಸಿದ್ರೆ ಆಯ್ತು. ವಾರ ವಾರ ಇದನ್ನ ಮಾಡಿದ್ರೆ ಪದರ ಕಟ್ಟೋದೇ ಇಲ್ಲ. ಆವಿಯಾದಷ್ಟು ನೀರನ್ನ ತುಂಬಿಸೋದಕ್ಕೆ ಆರ್‌ಓ ನೀರು ಅಥವಾ ಡಿಸ್ಟಿಲ್ಡ್ ನೀರು ಬಳಸಿ, ಆವಿಯಾಗಿ ಹೋಗಿರೋದು ಬರೀ ನೀರು, ಖನಿಜ ಒಳಗೇ ಇದೆ. ನೀರು ಬದಲಾಯಿಸೋದಕ್ಕೆ ಮಾತ್ರ ಪೂರ್ತಿ ಆರ್‌ಓ ಬೇಡ, ಮೀನಿಗೆ ಖನಿಜ ಬೇಕು. ಮೇಲೊಂದು ಮುಚ್ಚಳ ಹಾಕಿ, ಆವಿಯಾಗೋದು ಎಷ್ಟೋ ಕಮ್ಮಿ ಆಗತ್ತೆ.

ಕೊನೆಯದಾಗಿ ನೀವು ಕೇಳಿದ್ದು, ಮೀನು ಬಿಟ್ರೆ ಏನೂ ಆಗಲ್ವಾ ಅಂತ. ಈ ರೀತಿ ತೊಳೆದ ಟ್ಯಾಂಕಿಂದ ವಿಷದ ಅಪಾಯ ಇಲ್ಲ, ಆದ್ರೆ ಅದರಲ್ಲಿ ಒಳ್ಳೇ ಬ್ಯಾಕ್ಟೀರಿಯಾನೂ ಇಲ್ಲ, ಎಲ್ಲಾ ಬ್ಲೀಚ್‌ಗೆ ಹೋಗಿದೆ, ಹೊಸ ಟ್ಯಾಂಕಿಗೂ ಇದಕ್ಕೂ ವ್ಯತ್ಯಾಸ ಇಲ್ಲ. ಮೀನಿನ ಗಲೀಜಿಂದ ಬರೋ ಅಮೋನಿಯಾವನ್ನ ನೈಟ್ರೈಟ್ ಮಾಡಿ, ಅದನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಗೊತ್ತಿರೋರ ಆರೋಗ್ಯವಂತ ಟ್ಯಾಂಕಿಂದ ಒಂದು ತುಂಡು ಹಳೇ ಫಿಲ್ಟರ್ ಸ್ಪಂಜ್ ತಂದು ಹಾಕಿದ್ರೆ ಬೇಗ ಆಗತ್ತೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಒಂದೆರಡು ಮೀನಿಂದ ಶುರು ಮಾಡಿ, ಒಂದು ವಾರ ನೀರು ಟೆಸ್ಟ್ ಮಾಡ್ತಾ ನೋಡಿ ಆಮೇಲೆ ಉಳಿದವನ್ನ ತನ್ನಿ.